ಕುಡಿತಕ್ಕೆ ಇಟ್ಟ ಹೆಸರುಗಳು

ಮಾದಕ ಪಾನೀಯಗಳಿಗೆ ಕನ್ನಡದಲ್ಲಿ ಹೆಸರುಗಳ ಬಡತನವಿಲ್ಲ. ಈಚಲ ಮರದಿಂದ ಇಳಿಸಿದ್ದು ಹೆಂಡ, ತೆಂಗು ತಾಳೆಗಳಿಂದ ಇಳಿಸಿದ್ದು ಕಳ್ಳು. ಉತ್ತರದ ಜಿಲ್ಲೆಗಳಲ್ಲಿ ಶೇಂದಿ ಎನ್ನುವುದೂ ಉಂಟು. ಬಟ್ಟಿಯಿಳಿಸಿ ತೆಗೆದದ್ದು ಸಾರಾಯಿ. ಗ್ರಂಥಗಳ ಕಡೆಗೆ ತಿರುಗಿದರೆ ಸುರೆ, ಮದ್ಯ, ಮದಿರೆ, ಆಸವ ಎಂದು ಪಟ್ಟಿ ಬೆಳೆಯುತ್ತದೆ. ಆದರೆ ಇದನ್ನೆಲ್ಲ ಕುಡಿಯುವ ಮನುಷ್ಯನಿಗೆ ನಮ್ಮಲ್ಲಿ ಬಳಕೆಯಲ್ಲಿರುವ ಮಾತು ಒಂದೇ: ಕುಡುಕ. ಅದು ಬೈಗುಳ. ವೈದ್ಯರ ಎದುರು ಕುಳಿತು ತನ್ನ ಕುಡಿತದ ವಿಷಯವನ್ನು ಹೇಳಿಕೊಳ್ಳಬೇಕೆಂದಿರುವವನಿಗೆ, ಮಾನ ಕಳೆಯದಂಥ ಒಂದು ಮನೆಮಾತು ನಮ್ಮ ಭಾಷೆಯಲ್ಲಿ ಸಿಗುವುದಿಲ್ಲ.

ಇದು ಸಣ್ಣ ಸಂಗತಿಯಲ್ಲ. ಕುಡಿತವನ್ನು ಪಾಪವೆಂದು ಕರೆದರೆ ಎದುರಿಗೆ ಧರ್ಮಾಧಿಕಾರಿ ಬಂದು ನಿಲ್ಲುತ್ತಾನೆ. ಅಪರಾಧವೆಂದರೆ ಪೊಲೀಸಿನವನು, ಆದಾಯವೆಂದರೆ ಸರ್ಕಾರದ ಗುಮಾಸ್ತ, ರೋಗವೆಂದರೆ ವೈದ್ಯ. ಹೆಸರು ಬದಲಾದಂತೆಲ್ಲ ಪ್ರಶ್ನೆ ಕೇಳುವವನು ಬದಲಾಗುತ್ತಾನೆ. ಕುಡಿಯುವವನು ತನ್ನನ್ನು ತಾನೇ ಕೇಳಿಕೊಳ್ಳಲು ಅನುವು ಮಾಡಿಕೊಡುವ ಹೆಸರು ಯಾವುದು? ಆ ಹೆಸರನ್ನು ಹುಡುಕಿದವರ ಕಥೆಯನ್ನು ಇಲ್ಲಿ ಸ್ಥೂಲವಾಗಿ ಹೇಳುತ್ತೇನೆ.

ನಮ್ಮ ಧರ್ಮಶಾಸ್ತ್ರಕಾರರು ಸುರಾಪಾನವನ್ನು ಪಂಚಮಹಾಪಾತಕಗಳಲ್ಲಿ ಸೇರಿಸಿದ್ದು ಎಲ್ಲರಿಗೂ ತಿಳಿದದ್ದೇ. ಆದರೆ ಅದೇ ನಾಡಿನಲ್ಲಿ ವೈದ್ಯರು ಬೇರೊಂದು ಕಣ್ಣಿನಿಂದ ಇದನ್ನು ನೋಡಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯ ಪೂರ್ತಿಯಾಗಿ ಕುಡಿತಕ್ಕೆ ಮೀಸಲಾಗಿದೆ. ಆ ರೋಗಕ್ಕೆ ಅಲ್ಲಿ ಕೊಟ್ಟಿರುವ ಹೆಸರು ಮದಾತ್ಯಯ. ಮದದಿಂದ ಉಂಟಾದ ಕೇಡು ಎಂದು ಅರ್ಥಮಾಡಬಹುದು. ಅಧ್ಯಾಯ ಸುರೆಯ ಸ್ತುತಿಯಿಂದಲೇ ಆರಂಭವಾಗುವುದನ್ನು ಕಂಡು ಮಡಿವಂತರು ಬೆಚ್ಚಬಹುದು. ವೈದ್ಯ ಅಲ್ಲಿ ಯಾರನ್ನೂ ಗದರಿಸುವುದಿಲ್ಲ. ಮದ್ಯವು ಸ್ವಭಾವದಲ್ಲಿ ಅನ್ನದಂಥದೇ, ಯುಕ್ತಿಯಿಂದ ಬಳಸಿದರೆ ಹಿತ, ಯುಕ್ತಿ ತಪ್ಪಿದರೆ ರೋಗ ಎಂದು ಹೇಳಿ, ಆ ಯುಕ್ತಿ ಎಂದರೇನು ಎಂಬುದನ್ನು ಬಿಡಿಸಿಡುತ್ತಾನೆ. ತಿನ್ನುವ ಅನ್ನ, ಕುಡಿಯುವ ಪಾನ, ವಯಸ್ಸು, ಇರುವ ರೋಗ, ದೇಹಬಲ, ಋತು, ಇವುಗಳ ಜೊತೆಗೆ ತ್ರಿದೋಷಗಳನ್ನೂ ಮನಸ್ಸಿನ ಮೂರು ಬಗೆಗಳನ್ನೂ ಅರಿಯಬೇಕು. ಅಂದರೆ ಬಟ್ಟಲಿನಲ್ಲಿ ಏನಿದೆ ಎಂಬುದಕ್ಕಿಂತ ಬಟ್ಟಲನ್ನು ಹಿಡಿದ ಕೈ ಯಾರದು ಎಂಬುದರ ಮೇಲೆ ಆತನ ಕಣ್ಣು.

ಮದಕ್ಕೆ ಆತ ಮೂರು ಘಟ್ಟಗಳನ್ನು ಹೇಳುತ್ತಾನೆ. ಮೊದಲನೆಯದರಲ್ಲಿ ಹರ್ಷ, ಮಾತು, ಗಾನ. ಎರಡನೆಯದರಲ್ಲಿ ನೆನಪು ಬಂದುಹೋಗುತ್ತದೆ, ಮಾತು ತೊದಲುತ್ತದೆ, ಯುಕ್ತಾಯುಕ್ತ ಕಲಸಿಹೋಗುತ್ತದೆ. ಮೂರನೆಯದರಲ್ಲಿ ಮನುಷ್ಯ ಮುರಿದ ಮರದ ದಿಮ್ಮಿಯಂತೆ ಬಿದ್ದಿರುತ್ತಾನೆ. ಇನ್ನೊಂದು ಮಾತು ಇದಕ್ಕಿಂತ ಸೂಕ್ಷ್ಮವಾದದ್ದು. ಕುಡಿತವನ್ನು ಬಿಟ್ಟಿದ್ದವನು ಥಟ್ಟನೆ ಮತ್ತೆ ಅತಿಯಾಗಿ ಕುಡಿಯತೊಡಗಿದರೆ ಬರುವ ಎರಡು ರೋಗಗಳನ್ನು ಧ್ವಂಸಕ, ವಿಕ್ಷಯ ಎಂದು ಹೆಸರಿಸಿ, ಅವು ಗುಣವಾಗುವುದು ಕಷ್ಟ ಎಂದು ಎಚ್ಚರಿಸುತ್ತಾನೆ. ಬಿಟ್ಟವನ ಬಾಳಿನಲ್ಲಿ ಮರಳಿ ಬೀಳುವ ಗಳಿಗೆ ಒಂದಿರುತ್ತದೆ ಎಂಬುದನ್ನು ಕಂಡ ಅನುಭವಿಯ ಮಾತು ಇದು. ಸ್ತುತಿಯಿಂದ ತೊಡಗಿದ ಅಧ್ಯಾಯ ಕೊನೆಯ ಹೊತ್ತಿಗೆ, ಎಲ್ಲ ಮದ್ಯಗಳಿಂದಲೂ ದೂರ ನಿಂತ ಜಿತೇಂದ್ರಿಯನಿಗೆ ದೇಹದ ವಿಕಾರವೂ ಮನಸ್ಸಿನ ವಿಕಾರವೂ ಅಂಟುವುದಿಲ್ಲ ಎಂಬ ಮಾತಿಗೆ ಬಂದು ನಿಲ್ಲುತ್ತದೆ. ಪಾಪದ ಭಯವನ್ನು ತೋರಿಸದೆ ಇಷ್ಟು ದೂರ ಬರಬಹುದೆಂಬುದೇ ಈ ಅಧ್ಯಾಯದ ದೊಡ್ಡಸ್ತಿಕೆ.

ಆದರೆ ಮುಂದಿನ ಕಾಲದಲ್ಲಿ ಪಾನೀಯದ ಬಲವೇ ಬದಲಾಯಿತು. ಹುಳಿಯಿಸಿ ಮಾಡಿದ ಯಾವುದೇ ಮದ್ಯಕ್ಕೆ ಪ್ರಕೃತಿಯೇ ಒಂದು ಕಟ್ಟೆಯನ್ನು ಕಟ್ಟಿದೆ. ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿ, ಮದ್ಯಸಾರ ನೂರಕ್ಕೆ ಸುಮಾರು 15ರಷ್ಟಾಗುವ ಹೊತ್ತಿಗೆ ತಾನು ಹುಟ್ಟಿಸಿದ್ದರಲ್ಲೇ ತಾನು ಸಾಯುತ್ತದೆ. ಬಟ್ಟಿಯಿಳಿಸುವ ಕಲೆ ಈ ಕಟ್ಟೆಯನ್ನು ಒಡೆಯಿತು. ಆಲ್ಕೊಹಾಲ್ ಎಂಬ ಹೆಸರೂ ಆ ಕಲೆಯ ಜೊತೆಯಲ್ಲೇ ಬಂದದ್ದು. ಅರಬ್ಬೀ ಭಾಷೆಯ ಅಲ್-ಕುಹ್ಲ್ ಎಂದರೆ ಕಣ್ಣಿಗೆ ಹಚ್ಚುವ ಅಂಜನದ ನುಣ್ಣನೆಯ ಪುಡಿ. ಯುರೋಪಿನ ರಸವಾದಿಗಳ ಕೈಯಲ್ಲಿ ಅದು ಯಾವುದೇ ವಸ್ತುವಿನ ಶೋಧಿಸಿದ ಸಾರ ಎಂಬ ಅರ್ಥವನ್ನು ಪಡೆದು, ಕಡೆಗೆ ದ್ರಾಕ್ಷಾಮದ್ಯದ ಸಾರಕ್ಕೇ ನಿಂತಿತು.

ಈ ಸಾರ ಅಗ್ಗವಾಗಿ ಬಡವರ ಕೈಗೆ ಬಂದಾಗ ಏನಾಯಿತೆಂಬುದಕ್ಕೆ 18ನೆಯ ಶತಮಾನದ ಲಂಡನ್ ಸಾಕ್ಷಿ. ಜಿನ್ ಎಂಬ ಮದ್ಯ ಅಲ್ಲಿ ಹೊಳೆಯಾಗಿ ಹರಿಯಿತು. ಪಾರ್ಲಿಮೆಂಟು 1736ರಲ್ಲಿ ಅದರ ಮೇಲೆ ಭಾರಿ ಸುಂಕವನ್ನು ಹೇರಿತು. ಜನ ದಂಗೆಯೆದ್ದರು, ಕಳ್ಳ ವ್ಯಾಪಾರ ಬೆಳೆಯಿತು, 1743ರಲ್ಲಿ ಆ ಕಾನೂನನ್ನು ಕೈಬಿಡಬೇಕಾಯಿತು. 1751ರಲ್ಲಿ ಇನ್ನೊಂದು ಕಾನೂನು ಬಂದಿತು. ಅದೇ ವರ್ಷ ಚಿತ್ರಕಾರ ಹೋಗಾರ್ತ್ ಜಿನ್ ಬೀದಿಯ ನರಕವನ್ನೂ ಬಿಯರ್ ಬೀದಿಯ ಸುಭಿಕ್ಷವನ್ನೂ ಜೋಡಿ ಚಿತ್ರಗಳಲ್ಲಿ ಕೆತ್ತಿದ. ಮೂರು ದಶಕಗಳ ಬಳಿಕ ಅಮೆರಿಕದ ಫಿಲಡೆಲ್ಫಿಯದಲ್ಲಿ ವೈದ್ಯ ಬೆಂಜಮಿನ್ ರಷ್ ಇದೇ ನಂಬಿಕೆಯನ್ನು ಉಷ್ಣಮಾಪಕದ ರೂಪಕ್ಕೆ ಇಳಿಸಿದ. ಮೇಲೆ ನೀರು, ಹಾಲು, ಬಿಯರುಗಳ ಆರೋಗ್ಯ. ಕೆಳಗಿಳಿದಂತೆ ರಮ್ಮಿನ ಜೊತೆಗೆ ರೋಗ, ಸಾಲ, ಸೆರೆಮನೆ, ನೇಣುಗಂಬ. ಸಾರಾಯಿ ಕೆಟ್ಟದ್ದು, ಬಿಯರು ಒಳ್ಳೆಯದು ಎಂಬ ಈ ಭೇದ ಇಂದಿಗೂ ನಮ್ಮ ಊರುಗಳಲ್ಲಿ ಜೀವಂತವಾಗಿದೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ನಮ್ಮ ದೇಶದ ವಿಸ್ಕಿ, ರಮ್ಮುಗಳ 30 ಮಿಲಿಲೀಟರಿನ ಒಂದು ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ನೂರಕ್ಕೆ 8ರ ಬಲದ ಬಿಯರಿನ 650 ಮಿಲಿಲೀಟರಿನ ಸೀಸೆಯಲ್ಲಿ ಇರುವುದು ಸುಮಾರು 41 ಗ್ರಾಂ. ಒಂದು ಸೀಸೆ ಬಿಯರು ತಾನೇ ಎಂದವನು ನಾಲ್ಕು ಪೆಗ್ಗು ಕುಡಿದಿರುತ್ತಾನೆ.

ರಷ್‌ನ ಸಮಕಾಲೀನನಾದ ಇನ್ನೊಬ್ಬ ವೈದ್ಯ ನನ್ನ ಮೆಚ್ಚಿನ ವ್ಯಕ್ತಿ: ಸ್ಕಾಟ್ಲೆಂಡಿನ ಥಾಮಸ್ ಟ್ರಾಟರ್. ಬ್ರಿಟಿಷ್ ನೌಕಾಪಡೆಯ ವೈದ್ಯ ಆತ. ಗುಲಾಮರನ್ನು ಸಾಗಿಸುವ ಬ್ರೂಕ್ಸ್ ಎಂಬ ಹಡಗಿನಲ್ಲಿ ವೈದ್ಯನಾಗಿದ್ದು, ಸರಪಳಿಯಲ್ಲಿ ಒತ್ತೊತ್ತಾಗಿ ಮಲಗಿಸಿದ ಮನುಷ್ಯರನ್ನು ಕಣ್ಣಾರೆ ಕಂಡು, ಆ ಘೋರವನ್ನು 1790ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಹೇಳಿದವನು. ಅವನು ಚಿಕಿತ್ಸೆ ಮಾಡಿದ ನಾವಿಕರಿಗೆ ಸರ್ಕಾರವೇ ಕುಡಿಸುತ್ತಿತ್ತು. ದಿನಕ್ಕೆ ಅರ್ಧ ಪಿಂಟು, ಎಂದರೆ ಸುಮಾರು ಕಾಲು ಲೀಟರು ರಮ್ಮು ಅವರ ಪಡಿ. 1740ರಲ್ಲಿ ನೌಕಾಧಿಪತಿ ವರ್ನನ್ ಅದಕ್ಕೆ ನೀರು ಬೆರೆಸಿ ಕೊಡಬೇಕೆಂದು ಆಜ್ಞೆ ಮಾಡಿದ್ದೇ ದೊಡ್ಡ ಸುಧಾರಣೆ. ಈ ಪಡಿ ತಗ್ಗುತ್ತಾ ಬಂದು ಪೂರ್ತಿಯಾಗಿ ನಿಂತದ್ದು 1970ರ ಜುಲೈ 31ರಂದು.

ಟ್ರಾಟರ್ 1788ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಲ್ಯಾಟಿನ್ ಭಾಷೆಯಲ್ಲಿ ಒಪ್ಪಿಸಿದ ಪ್ರಬಂಧದ ವಿಷಯ ಕುಡಿತ. ಅದನ್ನೇ ವಿಸ್ತರಿಸಿ 1804ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಕುಡಿತದ ಚಟ ಮನಸ್ಸಿನ ಒಂದು ರೋಗ ಎಂದು ಆತ ನೇರವಾಗಿ ಬರೆದ. ಉಪದೇಶಿಗಳು ಶಪಿಸಿದ್ದಾರೆ, ನ್ಯಾಯಾಧೀಶರು ದಂಡಿಸಿದ್ದಾರೆ, ವೈದ್ಯರು ಮಾತ್ರ ತಮ್ಮ ಕೆಲಸವನ್ನು ಮಾಡಿಲ್ಲ ಎಂಬುದು ಅವನ ನಿಲುವು. ಮೊದಲು ರೋಗಿಯ ವಿಶ್ವಾಸವನ್ನು ಗಳಿಸಬೇಕು, ಅವನು ಯಾವ ಹೊತ್ತಿನಲ್ಲಿ, ಯಾವ ಸಂಗದಲ್ಲಿ, ಯಾವ ದುಃಖಕ್ಕೆ ಕುಡಿಯುತ್ತಾನೆಂದು ತಿಳಿಯಬೇಕು, ಚಿಕಿತ್ಸೆ ಆಮೇಲಿನದು. ಚರಕನ ಹೆಸರನ್ನು ಟ್ರಾಟರ್ ಕೇಳಿದ್ದನೆಂದು ಹೇಳಲು ಆಧಾರವಿಲ್ಲ. ರೋಗಿಯ ಹಾಸಿಗೆಯ ಬಳಿ ಬಹಳ ಕಾಲ ನಿಂತವರಿಗೆ ಒಂದೇ ಬಗೆಯ ಮಾತು ಹೊಳೆಯುತ್ತದೆಂದು ಕಾಣುತ್ತದೆ. 1849ರಲ್ಲಿ ಸ್ವೀಡನ್ನಿನ ವೈದ್ಯ ಮ್ಯಾಗ್ನಸ್ ಹಸ್, ದೀರ್ಘಕಾಲದ ಕುಡಿತದಿಂದ ನರಮಂಡಲಕ್ಕೂ ಉಳಿದ ಅವಯವಗಳಿಗೂ ಆಗುವ ಹಾನಿಯನ್ನು ವರ್ಣಿಸಿ, ಆಲ್ಕೊಹಾಲಿಸಮ್ ಎಂಬ ಹೊಸ ಹೆಸರನ್ನು ಚಲಾವಣೆಗೆ ತಂದ. ಪಾಪಿಯ ಜಾಗದಲ್ಲಿ ರೋಗಿ ಬಂದು ಕುಳಿತ.

ಪಶ್ಚಿಮದ ವೈದ್ಯರು ಹೀಗೆ ಹೊಸ ಹೆಸರನ್ನು ಹುಡುಕುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಆಳುವವರು ಇಟ್ಟ ಹೆಸರು ಅಬಕಾರಿ. ಪಾರಸಿಯಲ್ಲಿ ಆಬ್ ಎಂದರೆ ನೀರು. ಅಬಕಾರಿ ಎಂದರೆ ನೀರಿನ ಕಸುಬು. ಕೇಳಲು ಎಷ್ಟು ಸಾಧುವಾದ ಮಾತು! ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು, ಗುತ್ತಿಗೆದಾರನಿಗೆ ಸನ್ನದು. ಕುಡಿದವನ ಯಕೃತ್ತು ಯಾವ ಖಾತೆಗೂ ಸೇರಲಿಲ್ಲ. ಅಮಲು ಎಂಬ ಮಾತನ್ನೂ ಗಮನಿಸಿ. ಅರಬ್ಬೀ ಮೂಲದ ಆ ಒಂದೇ ಮಾತಿನಿಂದ ನಮಗೆ ತಲೆಗೇರುವ ಅಮಲೂ ಬಂದಿತು, ಕಂದಾಯ ವಸೂಲು ಮಾಡುವ ಅಮಲ್ದಾರನೂ ಬಂದ.

ಇದಕ್ಕೆ ಎದುರಾಗಿ ಎದ್ದ ಮಾತು ಪಾನನಿರೋಧ. 1930ರಲ್ಲಿ ಗಾಂಧೀಜಿ ವೈಸರಾಯ್ ಇರ್ವಿನ್ನರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಮೊದಲನೆಯದು ಸಂಪೂರ್ಣ ಪಾನನಿರೋಧ. 1937ರ ಅಕ್ಟೋಬರ್ 1ರಂದು ರಾಜಾಜಿಯವರ ಮಂತ್ರಿಮಂಡಲ ಸೇಲಂ ಜಿಲ್ಲೆಯಲ್ಲಿ ಅದನ್ನು ಜಾರಿಗೆ ತಂದಿತು. ಸಂವಿಧಾನದ 47ನೆಯ ಅನುಚ್ಛೇದ ಪಾನನಿರೋಧವನ್ನು ಜನರ ಪೋಷಣೆ, ಸಾರ್ವಜನಿಕ ಆರೋಗ್ಯಗಳ ಜೊತೆಯಲ್ಲೇ ಇಟ್ಟಿದೆ ಎಂಬುದನ್ನು ನಾವು ಮರೆಯುತ್ತೇವೆ. ಹಳೆಯ ಮೈಸೂರು ರಾಜ್ಯದ ಬಹುಭಾಗದಲ್ಲಿದ್ದ ನಿರೋಧ 1967ರಲ್ಲಿ ಹೋಯಿತು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳ ಮದ್ಯವನ್ನು ಕುಡಿದು ಸುಮಾರು 300 ಮಂದಿ ಸತ್ತರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು; ಮರುವರ್ಷದ ಮೇ ತಿಂಗಳಲ್ಲೇ ಕರ್ನಾಟಕ ತಮಿಳುನಾಡುಗಳ ಗಡಿಯ ಆಚೀಚೆ ವಿಷಮದ್ಯಕ್ಕೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಹಾಗೆಂದು ನಿಷೇಧವನ್ನು ಕೇಳುವವರನ್ನು ಹಗುರವಾಗಿ ಕಾಣಲು ನಾನು ಸಿದ್ಧನಿಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೋಮೀಟರು ನಡೆದು ಬಂದ ಹಳ್ಳಿಯ ಹೆಣ್ಣುಮಕ್ಕಳು ಶಾಸ್ತ್ರಗ್ರಂಥಗಳನ್ನು ಓದಿ ಬಂದವರಲ್ಲ. ಕೂಲಿಯ ಹಣ ಮನೆಗೆ ಬರುವ ಮೊದಲೇ ಎಲ್ಲಿ ಕರಗುತ್ತದೆ, ರಾತ್ರಿ ಬಾಗಿಲು ತೆರೆದಾಗ ಏನಾಗುತ್ತದೆ ಎಂಬುದನ್ನು ಮೈಯಿಂದ ಅರಿತವರು. ಅವರ ಮಾತು ಅಂಗಡಿಯ ವಿಷಯದಲ್ಲಿ ನ್ಯಾಯವಾದದ್ದು. ಅಂಗಡಿ ಮುಚ್ಚಿದ ಮೇಲೂ ಕೈ ನಡುಗುವ ಗಂಡನನ್ನು ಏನು ಮಾಡಬೇಕೆಂಬ ಪ್ರಶ್ನೆ ಮಾತ್ರ ಮನೆಯಲ್ಲೇ ಉಳಿಯುತ್ತದೆ.

ಆ ಮನುಷ್ಯನನ್ನು ಸರ್ಕಾರಕ್ಕಿಂತ ಮೊದಲು ಕಂಡದ್ದು ಕನ್ನಡ ಸಾಹಿತ್ಯ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನೂ ಒಬ್ಬ ವಚನಕಾರ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಬೇಸಾಯ ಮಾಡಬೇಕೆಂಬ ಒಂದೇ ಆಸೆಯೂ ದಕ್ಕದ ಚೋಮ, ದುಡಿ ಬಾರಿಸುತ್ತಾನೆ, ಕಳ್ಳು ಕುಡಿಯುತ್ತಾನೆ. ಅವನ ಕುಡಿತವನ್ನು ಅವನ ಬದುಕಿನಿಂದ ಬೇರ್ಪಡಿಸಿ ನೋಡಲು ಓದುಗನಿಗೆ ಸಾಧ್ಯವೇ ಆಗುವುದಿಲ್ಲ. ಅದೇ ದಶಕದಲ್ಲಿ ಜಿ. ಪಿ. ರಾಜರತ್ನಂ ‘ರತ್ನನ ಪದಗಳು’ ಬರೆದು, ಬೈಗುಳಕ್ಕೆ ಮಾತ್ರ ಪಾತ್ರನಾಗಿದ್ದ ಹೆಂಡಗುಡುಕನಿಗೆ ತನ್ನದೇ ಬಾಯನ್ನು ಕೊಟ್ಟರು.

ಕುಡಿಯುವವನು ತನ್ನ ಬಾಯಿಂದಲೇ ಮಾತಾಡುವುದಕ್ಕೆ ಎಷ್ಟು ಶಕ್ತಿಯಿದೆ ಎಂಬುದನ್ನು ಇನ್ನೊಂದು ರೀತಿಯಲ್ಲಿ ಕಂಡುಕೊಂಡದ್ದು 1935ರಲ್ಲಿ, ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ. ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್, ಇಬ್ಬರೂ ಕುಡಿತದಿಂದ ಕೆಟ್ಟವರು, ಒಬ್ಬರ ಕಥೆಯನ್ನೊಬ್ಬರು ಕೇಳಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟಕ್ಕೆ ತಳಹದಿ ಹಾಕಿದರು. ಹೆಸರು ಹೇಳಬೇಕಾಗಿಲ್ಲ, ಹಣ ಕೊಡಬೇಕಾಗಿಲ್ಲ. ಸತ್ಯ ಹೇಳಿದರೆ ಸಾಕು. ಇಂದು ನಮ್ಮ ಊರುಗಳಲ್ಲೂ ಅಂಥ ಕೂಟಗಳಿವೆ. ಧರ್ಮಸ್ಥಳದವರು ನಡೆಸುವ ಮದ್ಯವರ್ಜನ ಶಿಬಿರಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ.

ಆದರೂ ರೋಗ ಎಂಬ ಹೆಸರಿಗೂ ಒಂದು ನೆರಳುಂಟು. ಬೀದಿಯಲ್ಲಿ ಬಿದ್ದವನು ರೋಗಿ. ಅಂದಮೇಲೆ, ಸಂಜೆ ಕ್ಲಬ್ಬಿನಲ್ಲಿ ಎರಡು ಪೆಗ್ಗು ಹಾಕಿ ನೆಟ್ಟಗೆ ನಡೆದು ಮನೆಗೆ ಬರುವ ನಾನು ಆರೋಗ್ಯವಂತ! ಈ ನೆಮ್ಮದಿಗೆ ವಿಜ್ಞಾನವೂ ಬಹಳ ಕಾಲ ಕುಮ್ಮಕ್ಕು ಕೊಟ್ಟಿತು. 1926ರಲ್ಲಿ ರೇಮಂಡ್ ಪರ್ಲ್ ಎಂಬ ಅಮೆರಿಕದ ವಿಜ್ಞಾನಿ, ಮಿತವಾಗಿ ಕುಡಿಯುವವರು ಕುಡಿಯದವರಷ್ಟೇ, ತುಸು ಹೆಚ್ಚೇ ಎನ್ನುವಷ್ಟು ಕಾಲ ಬಾಳುತ್ತಾರೆಂದು ಅಂಕಿಅಂಶಗಳನ್ನಿಟ್ಟು ಬರೆದ. 1990ರ ದಶಕದ ಆದಿಯಲ್ಲಿ, ಕೊಬ್ಬು ತಿಂದರೂ ಫ್ರೆಂಚರಿಗೆ ಹೃದ್ರೋಗ ಕಡಿಮೆಯಾಗಿರುವುದು ಕೆಂಪು ದ್ರಾಕ್ಷಾಮದ್ಯದ ಮಹಿಮೆಯೆಂಬ ವಾದ ಲೋಕವನ್ನೆಲ್ಲ ಸುತ್ತಿತು. ಅಷ್ಟರಲ್ಲಾಗಲೇ, 1988ರಲ್ಲಿ, ಬ್ರಿಟನ್ನಿನ ಷೇಪರ್ ಮತ್ತು ಸಂಗಡಿಗರು ಈ ಲೆಕ್ಕದಲ್ಲಿನ ದೋಷವನ್ನು ಎತ್ತಿ ತೋರಿಸಿದ್ದರು. ಕುಡಿಯದವರ ಗುಂಪಿನಲ್ಲಿ, ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಸೇರಿಹೋಗಿದ್ದಾರೆ. ಆ ಗುಂಪು ರೋಗಿಷ್ಠವಾಗಿ ಕಂಡರೆ ಅದು ಕುಡಿಯದ್ದರ ಫಲವಲ್ಲ. ಇಂಥವರನ್ನು ಬೇರ್ಪಡಿಸಿ ಎಣಿಸಿದಾಗ ಮಿತಪಾನದ ಲಾಭ ಬಹುಮಟ್ಟಿಗೆ ಕರಗಿತು. ಮದ್ಯವು ಕ್ಯಾನ್ಸರನ್ನು ಉಂಟುಮಾಡುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ಸಾರಿದ್ದೂ 1988ರಲ್ಲೇ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ, ಇವುಗಳ ಕ್ಯಾನ್ಸರಿಗೆ ಅದು ಕಾರಣ. ಆರೋಗ್ಯಕ್ಕೆ ನಿರಪಾಯವೆನ್ನಬಹುದಾದ ಪ್ರಮಾಣ ಯಾವುದೂ ಇಲ್ಲ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಯುಕ್ತಿಯಿಂದ ಕುಡಿದರೆ ಹಿತ ಎಂಬ ಚರಕನ ಮಾತನ್ನು ಈ ಮಟ್ಟಿಗೆ ಇಂದು ಬಿಡಬೇಕಾಗಿದೆ. ಕುಡಿದಷ್ಟೂ ಅಪಾಯ ಹೆಚ್ಚು, ಕಡಿಮೆ ಮಾಡಿದಷ್ಟೂ ಲಾಭ ಎಂಬುದೇ ಈಗಿನ ತಿಳಿವು.

ಹೇಳಲಾಗದ ನಾಚಿಕೆ ಎಂಥ ಬೆಲೆಯನ್ನು ಕೇಳುತ್ತದೆಂಬುದನ್ನು ನಾನು ನನ್ನ ಸ್ನೇಹಿತರೊಬ್ಬರಲ್ಲಿ ಕಂಡೆ. ಉಪಾಧ್ಯಾಯರು, ಸಭ್ಯರು, ಪ್ರತಿದಿನ ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು ಕುಡಿಯುತ್ತಿದ್ದುದು ಅವರ ಮನೆಯಾಕೆಗೆ ಮಾತ್ರ ಗೊತ್ತು. ಸೊಂಟದ ಮೂಳೆ ಮುರಿದು ಆಸ್ಪತ್ರೆಗೆ ಸೇರಿದಾಗ, ಅಭ್ಯಾಸಗಳೇನಾದರೂ ಉಂಟೇ ಎಂದು ವೈದ್ಯರು ಕೇಳಿದರು. ‘ಛೇ, ಅಂಥದೇನೂ ಇಲ್ಲ’ ಎಂದರು ಇವರು. ಆಕೆ ತಲೆ ತಗ್ಗಿಸಿ ಸುಮ್ಮನಿದ್ದರು. ಶಸ್ತ್ರಕ್ರಿಯೆಯಾದ ಮೂರನೆಯ ದಿನ ಮೈಯೆಲ್ಲ ನಡುಗಿ, ಬೆವರಿಳಿದು, ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆಯೆಂದು ಕೂಗತೊಡಗಿದರು. ದಿನವೂ ಬರುತ್ತಿದ್ದುದು ಥಟ್ಟನೆ ನಿಂತಾಗ ಮಿದುಳು ಕೆರಳುವ ಈ ಸ್ಥಿತಿಯನ್ನು ಇಂಗ್ಲೆಂಡಿನ ಥಾಮಸ್ ಸಟನ್ 1813ರಲ್ಲೇ ಡೆಲಿರಿಯಮ್ ಟ್ರೆಮೆನ್ಸ್ ಎಂದು ಹೆಸರಿಸಿದ್ದ; ಸಕಾಲಕ್ಕೆ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಎರವಾಗಬಲ್ಲದು. ಆ ಗಳಿಗೆಯಲ್ಲಿ ಆಕೆ ಬಾಯಿಬಿಟ್ಟದ್ದರಿಂದ ಅವರು ಉಳಿದರು. ಬಹುಕಾಲ ಹೆಚ್ಚಾಗಿ ಕುಡಿದವರು ಬಿಡಬೇಕೆಂದಾಗ ವೈದ್ಯರ ನೆರವಿನಲ್ಲೇ ಬಿಡಬೇಕೆನ್ನುವುದು ಇದಕ್ಕಾಗಿಯೇ. ಒಂದು ನಿಜವಾದ ಉತ್ತರ, ಅದೂ ಮೊದಲ ದಿನವೇ, ಆ ಮನೆಯವರನ್ನು ಎಷ್ಟು ಸಂಕಟದಿಂದ ಪಾರುಮಾಡಬಹುದಾಗಿತ್ತು!

ಉತ್ತರ ನಿಜವಾಗಬೇಕಾದರೆ ಪ್ರಶ್ನೆಯಲ್ಲಿ ತಿರಸ್ಕಾರವಿರಬಾರದು. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹೊರತಂದ ಹತ್ತು ಪ್ರಶ್ನೆಗಳ ಪಟ್ಟಿಯೊಂದು ಇಂದು ನಮ್ಮ ವೈದ್ಯರ ಕೈಯಲ್ಲೂ ಇದೆ. ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ? ಕುಡಿದಾಗ ಎಷ್ಟು? ಶುರುಮಾಡಿದ ಮೇಲೆ ನಿಲ್ಲಿಸಲಾಗದೆ ಹೋದದ್ದುಂಟೆ? ಬೆಳಗ್ಗೆ ಎದ್ದೊಡನೆ ಬೇಕೆನಿಸಿತೆ? ಹಿಂದಿನ ರಾತ್ರಿಯ ನೆನಪು ಅಳಿಸಿಹೋದದ್ದುಂಟೆ? ನಿಮ್ಮಿಂದ ಯಾರಿಗಾದರೂ ಪೆಟ್ಟಾಯಿತೆ? ನಿಮ್ಮ ವಿಷಯದಲ್ಲಿ ಯಾರಾದರೂ ಕಳವಳಗೊಂಡರೆ? ಇವುಗಳಲ್ಲಿ ಎಲ್ಲಿಯೂ ನೀವು ಕುಡುಕರೆ ಎಂಬ ಪ್ರಶ್ನೆಯಿಲ್ಲ. ವಯಸ್ಸೆಷ್ಟು, ಬಲವೆಷ್ಟು, ಉಂಡದ್ದೇನು ಎಂದು ಕೇಳಿದ ಚರಕನ ಪ್ರಶ್ನೆಗಳ ಕುಲಕ್ಕೇ ಇವೂ ಸೇರಿದವು. ನಾಲ್ಕು ಗೋಡೆಗಳ ನಡುವೆ, ಬೇರೆ ಯಾರೂ ಇಲ್ಲದಾಗ, ಮನುಷ್ಯ ತನಗೆ ತಾನೇ ಕೇಳಿಕೊಳ್ಳಬಹುದಾದ ಪ್ರಶ್ನೆಗಳು.

ಶತಮಾನಗಳ ಈ ಹೆಸರಿಡುವ ಕೆಲಸದಲ್ಲಿ ನನಗೆ ಹಿತವಾಗಿ ಕಂಡ ಸಂಗತಿ ಇದು. ಶಾಪಕ್ಕೂ ದಂಡಕ್ಕೂ ಬಗ್ಗದ ಅಭ್ಯಾಸ, ಮರ್ಯಾದೆಯಿಂದ ಕೇಳಿದ ಪ್ರಶ್ನೆಗೆ ಎಷ್ಟೋ ಸಲ ಬಗ್ಗಿದೆ. ಅಂಗಡಿಯ ವಿಷಯವನ್ನು ಸರ್ಕಾರ ನೋಡಲಿ, ನೋಡುವಂತೆ ನಾವು ಒತ್ತಾಯಿಸೋಣ. ಆದರೆ ನಮ್ಮ ಮನೆಯ, ನಮ್ಮ ನೆರೆಯ ಕುಡಿಯುವ ಮನುಷ್ಯನನ್ನು ಕುಡುಕನೆಂದು ಕರೆಯುವ ಮೊದಲು, ‘ಈಚೆಗೆ ಹೆಚ್ಚಾಗಿದೆಯೇ? ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ’ ಎಂದು ಕೇಳಿ ನೋಡಬಹುದು.

(ಬಾನುಲಿ ಭಾಷಣ)